ಒಂದು ಸೊನ್ನೆಗೆ ನಾಲ್ಕು ಗೆಲುವು: ಎಫ್4 ಗ್ಯಾರೇಜಿನ ಲೆಕ್ಕ

ಎಫ್4 ಅಂದರೆ ಫಾರ್ಮುಲಾ 4, ಒಬ್ಬರೇ ಕೂರುವ ರೇಸ್ ಕಾರುಗಳಲ್ಲಿ ಹೊಸಬರು ಹತ್ತುವ ಮೊದಲ ಮೆಟ್ಟಿಲು. ಅದರಲ್ಲಿ ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18, ಆಮೇಲೆ 15, 12, 10, ಹೀಗೆ ಹತ್ತನೆಯವನಿಗೆ 1. ಎದುರಾಳಿ ಗೆದ್ದ ರೇಸಿನಲ್ಲೇ ನಮ್ಮ ಕಾರು ಅರ್ಧದಲ್ಲಿ ನಿಂತಿತು ಅಂದುಕೊಳ್ಳಿ. 25 ಅಂಕದ ಹಳ್ಳ ಬಿತ್ತು. ಮುಂದೆ ನಾವು ಗೆದ್ದು ಅವನು ಪ್ರತಿಸಲವೂ ಎರಡನೆಯವನಾಗಿ ಬಂದರೆ ತುಂಬುವುದು ಏಳೇಳೇ ಅಂಕ. ಮೂರು ಗೆಲುವಿಗೆ 21. ಅಂದರೆ ನಾಲ್ಕನೇ ಗೆಲುವಿನವರೆಗೂ ಕಾಯಬೇಕು. ಸೀಸನ್ನಿನಲ್ಲಿ ಇರುವುದೇ ಹದಿನೈದರ ಆಸುಪಾಸಿನ ರೇಸುಗಳು. ಗ್ಯಾರೇಜಿನಲ್ಲಿ ಹೊಸದಾಗಿ ಪಾನ ಹಿಡಿಯುವ ಹುಡುಗರಿಗೆ ಮೊದಲು ಹೇಳಿಕೊಡಬೇಕಾದ್ದು ಈ ಲೆಕ್ಕವನ್ನು. ಸ್ಪೀಡಿನ ಮಾತು ಆಮೇಲೆ.

ಭಾರತದ ಎಫ್4 ಚಾಂಪಿಯನ್‌ಶಿಪ್ 2023ರಲ್ಲಿ ಶುರುವಾಯಿತು. ಎಲ್ಲರಿಗೂ ಒಂದೇ ಬಗೆಯ ಮಿಗಾಲ್ ಚಾಸಿ, ಒಂದೇ ಆಲ್ಪೀನ್ ಟರ್ಬೊ ಎಂಜಿನ್, ಒಂದೇ ಕಂಪನಿಯ ಟೈರು. ಎಂಜಿನ್ನಿಗೆ ಸೀಲ್ ಬಿದ್ದಿರುತ್ತದೆ, ಬಿಚ್ಚುವಂತಿಲ್ಲ. ಪೀಣ್ಯದಲ್ಲಿ ಲೇತಿಗೆ ಹಾಕಿಸಿದ ಬುಶ್ ಅಳತೆಯಲ್ಲಿ ಎಷ್ಟೇ ಕರಾರುವಾಕ್ಕಾಗಿರಲಿ, ಸ್ಕ್ರೂಟಿನಿಯಲ್ಲಿ (ಅಧಿಕಾರಿಗಳ ತಪಾಸಣೆಯಲ್ಲಿ) ಸಿಕ್ಕಿಬಿದ್ದರೆ ಫಲಿತಾಂಶವೇ ಹೋಗುತ್ತದೆ. ಕಂಪನಿಯ ಭಾಗವನ್ನೇ ಹಾಕಬೇಕು. ಹಾಗಾದರೆ ನಮ್ಮ ಕೈಯಲ್ಲಿ ಉಳಿಯುವುದೇನು? ಟೈರಿನ ಗಾಳಿ, ರೈಡ್ ಹೈಟ್ (ನೆಲದಿಂದ ಕಾರಿನ ಎತ್ತರ), ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು), ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು), ರೆಕ್ಕೆಯ ಕೋನ, ಬ್ರೇಕ್ ಬಯಾಸ್ (ಮುಂದೆ-ಹಿಂದೆ ಬ್ರೇಕಿನ ಹಂಚಿಕೆ). ಇವುಗಳಲ್ಲಿ ಹೆಚ್ಚು ಹೊತ್ತು ನೋಡಬೇಕಾದ್ದೂ, ಹೆಚ್ಚು ಜನ ಉದಾಸೀನ ಮಾಡುವುದೂ ಗಾಳಿಯನ್ನೇ.

ಎಫ್4ರಲ್ಲಿ ಟೈರ್ ಬ್ಲಾಂಕೆಟ್ (ಟೈರನ್ನು ಮೊದಲೇ ಕಾಯಿಸುವ ಹೊದಿಕೆ) ಇಲ್ಲ. ತಣ್ಣಗಿನ ಟೈರಿನಲ್ಲೇ ಹೊರಡಬೇಕು, ಬಿಸಿಯಾದಾಗ ಸರಿಯಾದ ಒತ್ತಡಕ್ಕೆ ಬಂದು ನಿಲ್ಲಬೇಕು. 17 ಪಿಎಸ್‌ಐ (ಟೈರಿನ ಒತ್ತಡದ ಅಳತೆ) ಆಸುಪಾಸಿನಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಗಾಳಿ ಹೆಚ್ಚೂಕಡಿಮೆ 1 ಪಿಎಸ್‌ಐ ಏರುತ್ತದೆ. 30 ಡಿಗ್ರಿಯಲ್ಲಿ 17 ಹಾಕಿದ ಟೈರಿನ ಒಳಗಾಳಿ 60 ಡಿಗ್ರಿಗೆ ಹೋದರೆ 20 ತೋರಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಇಲ್ಲಿ: ಚೆನ್ನೈ ಬಿಸಿಲಿನಲ್ಲಿ ಕಾರು ಪಿಟ್ ಮುಂದೆ ನಿಂತಿರುತ್ತದೆ, ಒಂದು ಪಕ್ಕಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು. ಬಿಸಿಲಿನ ಪಕ್ಕದ ಟೈರು 45 ಡಿಗ್ರಿಗೆ ಕಾದು 18.5 ತೋರಿಸುತ್ತದೆ. ‘ಜಾಸ್ತಿಯಾಗಿದೆ’ ಎಂದು ಯಾರೋ ಗಾಳಿ ಬಿಟ್ಟು 17ಕ್ಕೆ ಇಳಿಸುತ್ತಾರೆ. ಟ್ರ್ಯಾಕಿನಲ್ಲಿ ಎರಡೂ ಪಕ್ಕ 60 ಡಿಗ್ರಿ ಮುಟ್ಟಿದಾಗ ಆ ಟೈರು ಒಂದೂವರೆ ಪಿಎಸ್‌ಐ ಕಮ್ಮಿ. ಚಾಲಕ ಬಂದು ‘ಎಡಕ್ಕೆ ಚೆನ್ನಾಗಿ ತಿರುಗುತ್ತೆ, ಬಲಕ್ಕೆ ಇಲ್ಲ’ ಅನ್ನುತ್ತಾನೆ. ಆಮೇಲೆ ಎಲ್ಲರೂ ಆಂಟಿ ರೋಲ್ ಬಾರನ್ನು ಬಯ್ಯುತ್ತಾ ಕೂರುತ್ತಾರೆ!

ಅದಕ್ಕೇ ಗಾಳಿ ಹಾಕುವಾಗ ಟೈರು ನೆರಳಿನಲ್ಲಿರಬೇಕು, ಕನಿಷ್ಠ ಒಂದು ಗಂಟೆ ಮೊದಲೇ. ಒತ್ತಡದ ಪಕ್ಕದಲ್ಲಿ ಟೈರಿನ ಉಷ್ಣತೆಯನ್ನೂ ಬರೆಯಬೇಕು. ಉಷ್ಣತೆ ಬರೆಯದ ಒತ್ತಡ ಯಾವ ಉಪಯೋಗಕ್ಕೂ ಬಾರದು. ವಾರಾಂತ್ಯ ಪೂರ್ತಿ ಒಂದೇ ಗೇಜು. ಎರಡು ಗೇಜುಗಳ ನಡುವೆ ಅರ್ಧ ಪಿಎಸ್‌ಐ ವ್ಯತ್ಯಾಸ ಮಾಮೂಲಿ, ಯಾವುದು ಸರಿ ಎಂದು ವಾದ ಮಾಡುವುದಕ್ಕಿಂತ ಒಂದನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುವುದು ಮೇಲು. ಸಾದಾ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ, ಬಿಸಿಯಾದಾಗ ಅದು ಲೆಕ್ಕ ಮೀರಿ ಒತ್ತಡ ಏರಿಸುತ್ತದೆ. ಚೆನ್ನೈನಂಥ ಸಮುದ್ರದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ನೈಟ್ರೋಜನ್ ಸಿಲಿಂಡರ್ ಇದ್ದರೆ ಅದನ್ನೇ ಬಳಸಿ. ಕಾರು ಒಳಗೆ ಬಂದ ಮೇಲೆ ಬಿಸಿ ಒತ್ತಡವನ್ನು ಮೊದಲ ಒಂದು ನಿಮಿಷದಲ್ಲೇ, ಪ್ರತಿಸಲ ಅದೇ ಕ್ರಮದಲ್ಲಿ ಓದಬೇಕು.

ಇನ್ನು ಸೆಟಪ್ ಪ್ಯಾಡ್, ಅಂದರೆ ಕಾರನ್ನು ನಿಲ್ಲಿಸಿ ತೂಕ, ಕೋನ ಅಳೆಯುವ ಮಟ್ಟಸ ವೇದಿಕೆ. ಕ್ರಮ ತಪ್ಪಿದರೆ ಮಾಡಿದ್ದೆಲ್ಲ ಮತ್ತೆ ಮಾಡಬೇಕು. ಟೈರಿಗೆ ಬಿಸಿ ಒತ್ತಡದಷ್ಟು ಗಾಳಿ ಹಾಕಿ. ಸೀಟಿನಲ್ಲಿ ಚಾಲಕನೇ ಕೂರಲಿ, ಇಲ್ಲವೇ ಅವನ ತೂಕದ ಮರಳು ಚೀಲ ಇರಲಿ. ಆಂಟಿ ರೋಲ್ ಬಾರಿನ ಲಿಂಕ್ ಬಿಚ್ಚಿ. ಮೊದಲು ರೈಡ್ ಹೈಟ್, ಆಮೇಲೆ ಕ್ಯಾಂಬರ್, ಕಾರ್ನರ್ ವೇಟ್ (ಒಂದೊಂದು ಚಕ್ರದ ಮೇಲೆ ಬೀಳುವ ಭಾರ), ಕೊನೆಗೆ ಟೋ. ಕ್ಯಾಂಬರ್ ಶಿಮ್ (ತೆಳು ತಗಡಿನ ತುಂಡು) ಬದಲಿಸಿದರೆ ಟೋ ಬದಲಾಗುತ್ತದೆ, ಟೋ ಬದಲಿಸಿದರೆ ಕ್ಯಾಂಬರ್ ಅಷ್ಟಾಗಿ ಬದಲಾಗುವುದಿಲ್ಲ. ಟೋ ಕೊನೆಗೆ ಬರುವುದು ಅದಕ್ಕೇ. ಕಾರ್ನರ್ ವೇಟಿನಲ್ಲಿ ನೋಡಬೇಕಾದ್ದು ಎಡ ಮುಂದಿನದೂ ಬಲ ಹಿಂದಿನದೂ ಕೂಡಿದರೆ ಒಟ್ಟಿನ ಅರ್ಧ ಆಗುತ್ತದೋ ಎಂದು. ಒಂದು ಮೂಲೆಯ ಪುಶ್‌ರಾಡ್ (ಚಕ್ರದ ಭಾರವನ್ನು ಸ್ಪ್ರಿಂಗಿಗೆ ಒಯ್ಯುವ ಸರಳು) ಉದ್ದ ಮಾಡಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ಭಾರ ಏರುತ್ತದೆ, ಉಳಿದೆರಡಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಮೂಲೆಯನ್ನು ತಿರುಗಿಸುತ್ತಾ ಹೋಗಬೇಡಿ, ರೈಡ್ ಹೈಟ್ ಕೈತಪ್ಪುತ್ತದೆ. ನಾಲ್ಕಕ್ಕೂ ಹಂಚಿ: ಒಂದು ಕರ್ಣಕ್ಕೆ ಕಾಲು ಸುತ್ತು ಮೇಲೆ, ಇನ್ನೊಂದಕ್ಕೆ ಕಾಲು ಸುತ್ತು ಕೆಳಗೆ. ಕೊನೆಯಲ್ಲಿ ಬಾರಿನ ಲಿಂಕನ್ನು ಎಳೆತವಿಲ್ಲದೆ ಕೂರಿಸಬೇಕು. ಬೋಲ್ಟ್ ಬೆರಳಿನಲ್ಲೇ ಜಾರಿ ಒಳಗೆ ಹೋಗಬೇಕು, ಸುತ್ತಿಗೆಯ ಅಗತ್ಯ ಬಿದ್ದರೆ ಅಷ್ಟು ಹೊತ್ತು ಮಾಡಿದ ಕರ್ಣದ ಲೆಕ್ಕ ಹಾಳಾಯಿತು ಎಂದೇ ಅರ್ಥ. ಪ್ಯಾಡಿನ ನಾಲ್ಕು ಕಾಲು ಒಂದೇ ಮಟ್ಟದಲ್ಲಿವೆಯೇ ಎಂದು ಪ್ರತಿ ಊರಿನಲ್ಲೂ ಹೊಸದಾಗಿ ನೋಡಬೇಕು. ಒಂದು ಮಿಲಿಮೀಟರ್ ಏರುಪೇರಾದರೂ ತಕ್ಕಡಿ ಕೆಲವು ಕಿಲೋ ಸುಳ್ಳು ಹೇಳುತ್ತದೆ. ಒಂದು ಗ್ಯಾರೇಜಿನ ನೆಲ ಇದ್ದ ಹಾಗೆ ಇನ್ನೊಂದರದು ಇರುವುದಿಲ್ಲ.

ಹದಿನೈದು-ಹದಿನಾರು ವರ್ಷದ ಮಕ್ಕಳು ಓಡಿಸುವ ಕಾರುಗಳು ಒಂದಕ್ಕೊಂದು ತಾಗದೇ ಇರುವುದಿಲ್ಲ. ತಾಗಿದ ಮೇಲೆ ಎಲ್ಲರ ಕಣ್ಣೂ ಮುರಿದ ಮುಂದಿನ ರೆಕ್ಕೆಯ ಮೇಲೆ. ಅದನ್ನು ಬದಲಿಸುವುದು ಸುಲಭ. ಮುಂದಿನ ರೇಸಿನಲ್ಲಿ ಕಾರನ್ನು ನಿಲ್ಲಿಸುವುದು ಕಾಣದ ಪೆಟ್ಟು. ಸ್ಟೀರಿಂಗ್ ನೇರ ಇಟ್ಟು ಮೊದಲು ದಾರ ಕಟ್ಟಿ ಟೋ ಅಳೆಯಿರಿ. ಹಳೆಯ ಅಂಕಿಗಿಂತ ಒಂದು ಮಿಲಿಮೀಟರ್ ಆಚೀಚೆಯಾಗಿದ್ದರೂ ಏನೋ ಬಾಗಿದೆ. ಆಗ ಟ್ರ್ಯಾಕ್ ರಾಡ್ (ಟೋ ಹೊಂದಿಸುವ ಸರಳು) ತಿರುಗಿಸಿ ಅಂಕಿಯನ್ನು ಸರಿಮಾಡಿ ಕಳಿಸುವುದು ದೊಡ್ಡ ತಪ್ಪು. ಬಾಗಿದ್ದು ಬಾಗಿಯೇ ಇರುತ್ತದೆ, ಹಾಳೆಯ ಮೇಲೆ ಮಾತ್ರ ನೆಟ್ಟಗಾಗುತ್ತದೆ. ವಿಶ್‌ಬೋನಿಗೆ (ಚಕ್ರವನ್ನು ಕಾರಿಗೆ ಜೋಡಿಸುವ ತೋಳಿಗೆ) ಉಕ್ಕಿನ ಸ್ಕೇಲು ಇಟ್ಟು ಬೆಳಕು ತೂರುತ್ತದೆಯೇ ನೋಡಿ, ಬೆಸುಗೆಯ ಹತ್ತಿರ ಬಣ್ಣ ಬಿರಿದಿದೆಯೇ ನೋಡಿ, ರಾಡ್ ಎಂಡ್ (ಸರಳಿನ ತುದಿಯ ಕೀಲು) ಕೈಗೆ ಲಟಪಟ ಅನ್ನುತ್ತದೆಯೇ ನೋಡಿ. ರಿಮ್ಮಿಗೆ ಸೋಪಿನ ನೀರು ಬಳಿಯಿರಿ. ಕೂದಲೆಳೆಯಷ್ಟು ಬಿರುಕಿದ್ದರೂ ಗುಳ್ಳೆ ಏಳುತ್ತದೆ. ಚಕ್ರ ಹಾರದಂತೆ ಹಿಡಿಯುವ ಟೆದರ್ ಹಗ್ಗದ ಎರಡೂ ತುದಿ ನೋಡಿ. ಹುಲ್ಲಿಗೆ ಇಳಿದು ಬಂದ ಕಾರಾದರೆ ರೇಡಿಯೇಟರಿನ ಬಾಯಿಗೆ ಕೈ ಹಾಕಲೇಬೇಕು. ಒಂದು ಹಿಡಿ ಒಣಹುಲ್ಲು ಸಾಕು, ಮದ್ರಾಸ್ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟೈನ ಮಧ್ಯಾಹ್ನದಲ್ಲಿ ನೀರು ಕುದಿಸಲು.

ಬ್ರೇಕ್ ಆಯಿಲ್ ವಿಷಯ ಚಿಕ್ಕದು. ಡಾಟ್ 4 ಎಂಬ ದರ್ಜೆಗೆ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ರೇಸಿಂಗ್ ಆಯಿಲ್ 300 ದಾಟಿದರೂ ತೇವ ಹೀರುವ ಗುಣ ಅದಕ್ಕೂ ತಪ್ಪಿದ್ದಲ್ಲ. ಮುಚ್ಚಳ ತೆಗೆದ ಬಾಟಲಿ ಮರುದಿನಕ್ಕೆ ಬೇಡ. ಪೆಡಲ್ ಉದ್ದವಾಯಿತು (ಮೊದಲಿಗಿಂತ ಕೆಳಗೆ ಹೋಗುತ್ತಿದೆ) ಎಂದರೆ ಮೊದಲು ಬ್ಲೀಡ್ ಮಾಡಿ, ಅಂದರೆ ಪೈಪಿನೊಳಗಿನ ಗಾಳಿ ಹೊರಗೆ ಬಿಡಿ.

ತೂಕ ತಪ್ಪಿದರೂ ಸೊನ್ನೆಯೇ. ಕಾರು ಮತ್ತು ಚಾಲಕ ಸೇರಿ ಕನಿಷ್ಠ ತೂಕ ಇರಲೇಬೇಕು, ಅಳೆಯುವುದು ರೇಸಿನ ಕೊನೆಗೆ. ಚಾಲಕ ಬೆವರಿನಲ್ಲೇ ಒಂದು ಕಿಲೋದವರೆಗೂ ಕಳೆದಿರಬಹುದು, ಇಂಧನ ಉರಿದಿದೆ, ಟೈರು ಸವೆದಿದೆ. ಶುಕ್ರವಾರ ಬೆಳಿಗ್ಗೆ ಅಳೆದು ಸರಿಯಾಗಿ ಮಿತಿಗೆ ನಿಲ್ಲಿಸಿದ ಕಾರು ಭಾನುವಾರ ಸಂಜೆ ಕಮ್ಮಿ ತೂಗುತ್ತದೆ. ಎರಡು ಕಿಲೋ ಹೆಚ್ಚಿಗೆ ಬ್ಯಾಲಸ್ಟ್ (ತೂಕ ತುಂಬಲು ಕಟ್ಟುವ ಲೋಹ) ಹೊತ್ತರೆ ಲ್ಯಾಪಿಗೆ ಹೋಗುವುದು ಒಂದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲು. ಚೆಕ್ಕರ್ಡ್ ಫ್ಲ್ಯಾಗ್ ಆದ ಮೇಲೆ ರೇಸಿಂಗ್ ಲೈನ್ ಬಿಟ್ಟು, ಉದುರಿದ ರಬ್ಬರ್ ಚೂರುಗಳ ಮೇಲೆ ಓಡಿಸಿಕೊಂಡು ಬಾ ಎಂದು ಚಾಲಕನಿಗೆ ಹೇಳುವುದೂ ಇದಕ್ಕೇ. ಅಂಟಿದ ರಬ್ಬರೂ ತೂಗುತ್ತದೆ.

ಮದ್ರಾಸ್ ಟ್ರ್ಯಾಕ್ 3.717 ಕಿ.ಮೀ., ಕೊಯಮತ್ತೂರಿನ ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಕರಿಯಲ್ಲಿ 15 ಕಾರು ಬಿಟ್ಟರೆ 140 ಮೀಟರಿಗೆ ಒಂದು ಸಿಗುತ್ತದೆ. ಅಲ್ಲಿ ಕ್ವಾಲಿಫೈಯಿಂಗ್‌ನಲ್ಲಿ (ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಓಟದಲ್ಲಿ) ಕಾರಿನ ಸೆಟಪ್‌ಗಿಂತ ಪಿಟ್ಟಿನಿಂದ ಯಾವ ಗಳಿಗೆಗೆ ಬಿಡುತ್ತೀರಿ ಎಂಬುದೇ ಮುಖ್ಯ. ಚೆನ್ನೈ ಐಲ್ಯಾಂಡ್ ಗ್ರೌಂಡ್ಸ್ ಸುತ್ತಲಿನ ಬೀದಿ ರೇಸ್ 2023ರ ಡಿಸೆಂಬರಿನಲ್ಲಿ ಆಗಬೇಕಿತ್ತು, ಮಿಚಾಂಗ್ ಚಂಡಮಾರುತ ಬಂತು. 2024ರ ಆಗಸ್ಟ್ ಕೊನೆಯಲ್ಲಿ ದೀಪದ ಬೆಳಕಿನಲ್ಲಿ ನಡೆದಾಗಲೂ ಮಳೆ ಬಿಡಲಿಲ್ಲ. ಮಳೆಗೆ ಟೈರಿನ ಗಾಳಿ ಇಳಿಸಬೇಕು ಎಂಬ ನಂಬಿಕೆ ಇನ್ನೂ ಇದೆ. ಅದು ತಪ್ಪು. ಒದ್ದೆ ನೆಲದಲ್ಲಿ ಟೈರು ಅಷ್ಟು ಬಿಸಿಯಾಗುವುದಿಲ್ಲ, ಆದ್ದರಿಂದ ಅದೇ ಒತ್ತಡ ಮುಟ್ಟಲು ತಣ್ಣಗಿರುವಾಗಲೇ ಹೆಚ್ಚು ಹಾಕಬೇಕು. ನೀರು ನಿಂತಿದ್ದರೆ ಉಬ್ಬಿದ ಟೈರು ನೀರನ್ನು ಚೆನ್ನಾಗಿ ಸೀಳುತ್ತದೆ ಕೂಡ. ಜೊತೆಗೆ ರೈಡ್ ಹೈಟ್ ಸ್ವಲ್ಪ ಮೇಲೆ, ಬಾರುಗಳು ಮೆತ್ತಗೆ, ಬ್ರೇಕ್ ಬಯಾಸ್ ಹಿಂದಕ್ಕೆ. ನೆಲ ಒಣಗುತ್ತಾ ಬಂದರೆ ನೇರ ದಾರಿಯಲ್ಲಿ ನೀರಿರುವ ಕಡೆಯೇ ಓಡಿಸಿ ಟೈರು ತಣಿಸಬೇಕು.

ಚಾಲಕನನ್ನು ‘ಹೇಗಿತ್ತಪ್ಪಾ?’ ಎಂದು ಕೇಳಿದರೆ ‘ಗ್ರಿಪ್ಪಿಲ್ಲ ಅಣ್ಣಾ’ ಎಂಬ ಉತ್ತರವೇ ಬರುವುದು. ಟ್ರ್ಯಾಕಿನ ನಕ್ಷೆ ಕೊಟ್ಟು, ಯಾವ ತಿರುವು, ಬ್ರೇಕ್ ಹಾಕುವಾಗಲೋ, ನಡುವೆಯೋ, ಆಕ್ಸಿಲರೇಟರ್ ಒತ್ತುವಾಗಲೋ ಎಂದು ಪೆನ್ನಿನಲ್ಲಿ ಗುರುತು ಹಾಕಿಸಿ. ಡೇಟಾ ತೋರಿಸುವುದು ಆಮೇಲೆ. ಮೊದಲೇ ಪರದೆ ತೋರಿಸಿದರೆ ಅವನು ಕಂಡದ್ದನ್ನು ಹೇಳುತ್ತಾನೆ, ಅನಿಸಿದ್ದನ್ನು ಹೇಳುವುದಿಲ್ಲ.

ಭಾನುವಾರ ರಾತ್ರಿ ಲಾರಿಗೆ ತುಂಬುವ ಅವಸರದಲ್ಲಿ ಟೈರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದಿರುವ ಅಂಕಿಗಳು ಉಜ್ಜಿಹೋಗುತ್ತವೆ. ಎಷ್ಟು ಲ್ಯಾಪ್ ಓಡಿದೆ, ಯಾವ ಮೂಲೆಯಲ್ಲಿತ್ತು, ಫ್ಲ್ಯಾಟ್ ಸ್ಪಾಟ್ (ಬ್ರೇಕ್ ಬಿಗಿದು ಚಪ್ಪಟೆಯಾದ ಜಾಗ) ಇದೆಯೇ ಎಂಬುದನ್ನು ಹಾಳೆಗೆ ಇಳಿಸಿದ ಮೇಲೆಯೇ ಟೈರು ಲಾರಿ ಹತ್ತಬೇಕು.