ಹನ್ನೆರಡು ಕುರ್ಚಿ, ಒಬ್ಬ ಡಾಕ್ಟರು, ಎರಡು ತೆಂಗಿನಕಾಯಿ

ತೂಕ ಇಳಿಸುವವರ ಗುಂಪು ಎಂದ ಕೂಡಲೇ ನಮ್ಮ ಕಡೆ ಜನ ಶಿಬಿರ ಅಂದುಕೊಳ್ಳುತ್ತಾರೆ. ಬ್ಯಾನರು, ದೀಪ ಬೆಳಗುವುದು, ಒಂದು ತಾಸು ಭಾಷಣ, ಕೊನೆಗೆ ಅವಲಕ್ಕಿ-ಚಹಾ. ಗುಂಪು ತಪಾಸಣೆಗೆ ಇದ್ಯಾವುದೂ ಬೇಡ. ಅದು ಒಪಿಡಿಯೇ. ಹತ್ತು-ಹನ್ನೆರಡು ಜನ ಒಂದೂವರೆ ತಾಸು ಒಟ್ಟಿಗೆ ಕೂರುತ್ತಾರೆ. ಒಬ್ಬೊಬ್ಬರ ಬಿಪಿ, ಶುಗರು, ಮಾತ್ರೆಯ ಚೀಟಿಯನ್ನು ಡಾಕ್ಟರು ಉಳಿದವರ ಎದುರಿಗೇ ನೋಡುತ್ತಾರೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಬೇರೂರಿದ ಪದ್ಧತಿ ಇದು. ಅಲ್ಲಿ ಕೆಲವೆಡೆ ಡಾಕ್ಟರು ತರಕಾರಿಗೂ ಚೀಟಿ ಬರೆದುಕೊಡುತ್ತಾರೆ. ಕಾರವಾರದಲ್ಲೋ ಕುಮಟೆಯಲ್ಲೋ ಇದನ್ನು ನಡೆಸಲು ಒಬ್ಬ ಡಾಕ್ಟರು, ಒಬ್ಬ ನರ್ಸು, ಊಟದ ಲೆಕ್ಕ ಬಲ್ಲ ಇನ್ನೊಬ್ಬರು ಸಾಕು. ಕಾರವಾರದಲ್ಲಾದರೆ ಮೂವರಲ್ಲಿ ಒಬ್ಬರಿಗಾದರೂ ಕೊಂಕಣಿ ಬರಬೇಕು.

ಮೊದಲ ಅರ್ಧ ತಾಸು ಅಳತೆಗೆ. ತೂಕದ ಯಂತ್ರ ಪರದೆಯ ಹಿಂದಿರಲಿ, ಪ್ರತಿ ಸಲವೂ ಅದೇ ಯಂತ್ರವಿರಲಿ, ಅಂಕಿಯನ್ನು ಕೂಗಿ ಹೇಳಬೇಡಿ. ಸೊಂಟ ಅಳೆಯುವ ಟೇಪು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಬರಬೇಕು, ಉಸಿರು ಬಿಟ್ಟ ಮೇಲೆ ಓದಬೇಕು. ಸೀರೆಯ ನೆರಿಗೆ ಮೇಲೆ ಟೇಪು ಸುತ್ತಿದರೆ ಆ ಅಳತೆಗೆ ಅರ್ಥವಿಲ್ಲ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ. ನಮ್ಮ ದೇಶದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 23ಕ್ಕೇ ತೂಕ ಹೆಚ್ಚಾಯಿತೆಂದು, 25ಕ್ಕೆ ಬೊಜ್ಜು ಎಂದು ಲೆಕ್ಕ.

'ಇಲ್ಲಿ ಕೇಳಿದ್ದು ಇಲ್ಲೇ' ಎಂದು ಎಲ್ಲರಿಂದ ಸಹಿ ಹಾಕಿಸಿಕೊಳ್ಳುವುದು ಸರಿಯೇ. ಆದರೆ ಸಣ್ಣ ಊರಲ್ಲಿ ಸಹಿಗಿಂತ ಗುಂಪು ಕಟ್ಟುವ ಜಾಣತನ ಮುಖ್ಯ. ಅತ್ತೆ-ಸೊಸೆಯನ್ನು ಒಂದೇ ಗುಂಪಿಗೆ ಹಾಕಿದರೆ ಸೊಸೆ ಬಾಯಿಯೇ ಬಿಡುವುದಿಲ್ಲ. ಮುಟ್ಟಿನ ತೊಂದರೆ, ಕುಡಿತ, ಮನಸ್ಸಿನ ಬೇಸರ ಇಂಥದ್ದಕ್ಕೆ ಕೊನೆಯ ಇಪ್ಪತ್ತು ನಿಮಿಷ ಪಕ್ಕದ ಕೋಣೆ ತೆರೆದಿರಲಿ. ಬಸುರಿಯರನ್ನು ಈ ಗುಂಪಿಗೆ ಸೇರಿಸಬೇಡಿ.

ದೊಡ್ಡ ಎಡವಟ್ಟು ಆಗುವುದು ಮಾತ್ರೆಯಲ್ಲಿ. ಗ್ಲಿಮಿಪಿರೈಡ್‌ನಂಥ ಶುಗರಿನ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಅನ್ನ ಅರ್ಧಕ್ಕಿಳಿಸಿ ಔಷಧಿಯನ್ನು ಮೊದಲಿನಷ್ಟೇ ತೆಗೆದುಕೊಂಡರೆ ಶುಗರು 70ರ ಕೆಳಗೆ ಜಾರುತ್ತದೆ. ಬೆವರು, ಕೈನಡುಕ, ತಡೆಯಲಾರದ ಹಸಿವು. ಸಿಕ್ಕ ಸಿಹಿ ತಿಂದು ಸುಧಾರಿಸಿಕೊಂಡು, 'ಈ ಪಥ್ಯ ನನಗೆ ಆಗಿಬರ್ಲಿಲ್ಲ' ಎಂದು ಮನೆಯಲ್ಲೇ ಉಳಿದುಬಿಡುತ್ತಾರೆ. ಹಾಗಾಗಿ ಮೊದಲು ಡಾಕ್ಟರು ಡೋಸು ನೋಡಬೇಕು, ತಟ್ಟೆಯ ಮಾತು ಆಮೇಲೆ. ತೂಕ ಇಳಿದಂತೆ ಬಿಪಿ ಮಾತ್ರೆಯ ಹಳೆಯ ಡೋಸೂ ಬೇಕಾದದ್ದಕ್ಕಿಂತ ಹೆಚ್ಚಾಗಿಬಿಡಬಹುದು. ಎದ್ದು ನಿಂತಾಗ ತಲೆ ತಿರುಗುತ್ತದೆಯೇ ಎಂದು ಪ್ರತಿ ಸಲ ಕೇಳಿ.

ಇನ್ನು ಊಟ. 'ಅನ್ನ ಒಂಚೂರೇ ಉಣ್ತೆ ಡಾಕ್ಟ್ರೇ' ಎನ್ನುವವರೊಡನೆ ವಾದ ಬೇಡ. ಬೇಯಿಸಿದ ಕುಚ್ಚಲಕ್ಕಿ ಅನ್ನ, ಅಡುಗೆಮನೆಯ ತಕ್ಕಡಿ, ಖಾಲಿ ತಟ್ಟೆ ಮೇಜಿನ ಮೇಲಿಡಿ. ದಿನಾ ಎಷ್ಟೋ ಅಷ್ಟನ್ನು ಅವರೇ ಬಡಿಸಿಕೊಳ್ಳಲಿ. ತಕ್ಕಡಿ 450 ಗ್ರಾಂ ತೋರಿಸಿತು ಅನ್ನಿ, ಅದು ಹೆಚ್ಚುಕಡಿಮೆ 150 ಗ್ರಾಂ ಅಕ್ಕಿ, 500ಕ್ಕೂ ಮೇಲೆ ಕ್ಯಾಲೊರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ 2000 ಕ್ಯಾಲೊರಿ ತಟ್ಟೆಯಲ್ಲಿ ಇಡೀ ದಿನದ ಧಾನ್ಯವೇ 250 ಗ್ರಾಂ, ಬೆಳಗಿನ ದೋಸೆಯೂ ಸೇರಿ. ತಕ್ಕಡಿ ಸುಮ್ಮನೆ ಹೇಳುವ ಈ ಮಾತನ್ನು ಪಕ್ಕದ ಕುರ್ಚಿಯವರೂ ಕೇಳಿಸಿಕೊಳ್ಳುತ್ತಾರೆ.

ಕಾಯಿ ಬಿಡಿ ಎಂದು ಕರಾವಳಿಯವರಿಗೆ ಹೇಳುವುದು ವ್ಯರ್ಥ. ಲೆಕ್ಕ ತೋರಿಸಿ: 100 ಗ್ರಾಂ ಹಸಿ ಕಾಯಿತುರಿಯಲ್ಲಿ ಕೊಬ್ಬೇ ಸುಮಾರು 33 ಗ್ರಾಂ, ಕ್ಯಾಲೊರಿ 350. ಸಾಧಾರಣ ಕಾಯಿಯಲ್ಲಿ 300 ಗ್ರಾಂ ತಿರುಳು ಹಿಡಿದರೆ, ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎರಡು ಕಾಯಿ ಎಂದರೆ ತಲೆಗೆ 500 ಕ್ಯಾಲೊರಿ. ಅದನ್ನು ಒಂದಕ್ಕಿಳಿಸಿ. ಮೀನುಸಾರಿಗೆ ನೀರುಳ್ಳಿಯನ್ನೂ ನೆನೆಸಿದ ಕೊತ್ತಂಬರಿಯನ್ನೂ ಸೇರಿಸಿ ನುಣ್ಣಗೆ ಅರೆದರೆ ಸಾರು ತೆಳುವಾಗುವುದಿಲ್ಲ. ಶಿರಸಿ ಕಡೆಯವರು ತಂಬುಳಿಗೆ ಕಾಯಿ ಕಡಿಮೆ ಮಾಡಿ ಮಜ್ಜಿಗೆ ಹೆಚ್ಚಿಸಲಿ. ದೋಸೆಗೆ ಹಾಕಿಕೊಳ್ಳುವ ಜೋನಿ (ನೀರು) ಬೆಲ್ಲ ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಎಂಬುದೂ ಗೊತ್ತಿರಲಿ. ಬಂಗಡೆಯ ತಪ್ಪೇನಿಲ್ಲ, ಅದರ ಮೇಲಿನ ರವೆ ಮತ್ತು ಎಣ್ಣೆಯದ್ದು. ಈ ಪಾಠದ ದಿನ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆಸಿ.

ಗುಂಪಿನವರಿಗೆ ತರಕಾರಿ ಚೀಲ ಕೊಡುವ ಸಂಘ-ಸಂಸ್ಥೆಗಳು ಎಡವುವುದು ಚೀಲದ ತೂಕದಲ್ಲಿ. ದಿನಕ್ಕೆ ಒಬ್ಬರಿಗೆ 400 ಗ್ರಾಂ ಎಂದರೆ ವಾರಕ್ಕೆ 2.8 ಕಿಲೋ. ರೋಗಿಗೆಂದು ಅಷ್ಟೇ ಕೊಟ್ಟರೆ ಅದು ಮನೆಯ ಹುಳಿಗೆ ಬಿದ್ದು ಎರಡು ದಿನದಲ್ಲಿ ಮುಗಿಯುತ್ತದೆ. ಅವರೊಬ್ಬರಿಗೇ ಬೇರೆ ಪಾತ್ರೆ ಯಾರೂ ಇಡುವುದಿಲ್ಲ. ನಾಲ್ವರ ಮನೆಗೆ 11 ಕಿಲೋ ಬೇಕು. ಅಷ್ಟು ಹಣವಿಲ್ಲದಿದ್ದರೆ ಹನ್ನೆರಡು ಮನೆಯ ಬದಲು ಆರು ಮನೆಗೆ ಸರಿಯಾಗಿ ಕೊಡುವುದು ಮೇಲು. ಹರಿವೆ, ಬಸಳೆ, ಹೀರೆ, ಮೊಗೆಕಾಯಿ, ಅಲಸಂದೆ ಇರಲಿ. ಓಟ್ಸ್ ಕೊಟ್ಟರೆ ಕೋಳಿಗೆ ಹೋಗುತ್ತದೆ. ಅಂಕೋಲೆ, ಗೋಕರ್ಣದ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ಬೆಳೆದ ಸೊಪ್ಪನ್ನೇ ಕೊಂಡು ದುಡ್ಡು ಅಂದೇ ಕೈಗೆ ಕೊಡಿ. ಚೀಲ ಹಂಚುವುದು ಸಭೆ ಮುಗಿದ ಮೇಲೆ. ಮೊದಲೇ ಕೊಟ್ಟರೆ ಸೊಪ್ಪೂ ಬಾಡುತ್ತದೆ, ಕುರ್ಚಿಯೂ ಖಾಲಿಯಾಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಒಣಮೀನು ಹೊರಬರುತ್ತದೆ, ಜೊತೆಗೆ ಬಿಪಿಯೂ ಏರುತ್ತದೆ. ಎರಡು ಸಲ ನೀರು ಬದಲಿಸಿ ನೆನೆಸಿದರೆ ಉಪ್ಪು ಕಡಿಮೆಯಾದೀತು, ಪೂರ್ತಿ ಹೋಗದು. ಆ ಎರಡು ತಿಂಗಳು ಮೊಟ್ಟೆ, ಹುರುಳಿ, ಮೊಳಕೆ ಹೆಸರನ್ನು ಮುಂದೆ ತನ್ನಿ.

ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸೇರಿದರೆ ಸಾಕು. 80 ಕಿಲೋ ಇದ್ದವರು ಆರು ತಿಂಗಳಲ್ಲಿ 4ರಿಂದ 5.5 ಕಿಲೋ ಇಳಿಸಿದರೆ ಕೆಲಸ ಆದಂತೆ. ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ಹೆಚ್ಚಿನದು ನೀರು, ಅದಕ್ಕೆ ಚಪ್ಪಾಳೆ ಬೇಡ. ತೂಕ ಏರಿದವರೇ ಸಭೆ ತಪ್ಪಿಸುವುದು. ಅಂದು ಸಂಜೆಯೇ ನರ್ಸು ಫೋನು ಮಾಡಲಿ, ತೂಕ ಮಾತ್ರ ಕೇಳದಿರಲಿ. ಚೌತಿಯ ನಂತರದ ಸಭೆಯಲ್ಲಿ ಯಂತ್ರವನ್ನು ಮೂಲೆಗಿಟ್ಟು ಬಿಪಿ, ಶುಗರು ನೋಡಿ ಕಳಿಸಿದರೂ ನಡೆಯುತ್ತದೆ. ಚಕ್ಕುಲಿ ಡಬ್ಬ ಖಾಲಿಯಾಗಲು ಹೇಗೂ ಎರಡು ವಾರ ಬೇಕು.