ಎಡಗಿಸೆ, ಬಲಗಿಸೆ, ನೂರು ತೊಗರಿ ಕಾಳು

1ನೇ ದಿನ. ಬೆಳಿಗ್ಗೆ ಎಡಗಿಸೆಗೆ 100 ತೊಗರಿ ಕಾಳು. ಕೆಲಸವಿಲ್ಲದೆ ಫೋನು ಕೈಗೆ ಬಂದಾಗಲೆಲ್ಲ ಒಂದು ಕಾಳು ಬಲಗಿಸೆಗೆ. ಕಲಬುರಗಿಯವನಿಗೆ ಎಣಿಸಲಿಕ್ಕೆ ತೊಗರಿ ಬಿಟ್ಟು ಇನ್ನೇನು ಹೊಳೆಯುತ್ತದೆ? 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಾಳಿಗೆ ಈ ಗತಿ. "ತಿನ್ನೋ ಕಾಳು ಆಟಕ್ಕ ಹಚ್ಚೀದೇನು?" ಅಂತ ಅವ್ವ ಬೈದಳು. ರಾತ್ರಿ ಎಣಿಸಿದರೆ 74. ಇಪ್ಪತ್ತು ಆಗಬಹುದು ಅಂದುಕೊಂಡಿದ್ದೆ.

4ನೇ ದಿನ. 71. ಫೋನು ಎಲ್ಲಿ ಹಿಡಿದೆ ಅನ್ನೋದನ್ನೂ ಚೀಟಿಯಲ್ಲಿ ಗೀಚತೊಡಗಿದೆ.

9ನೇ ದಿನ. ಬೇಸರವಾದಾಗ ಫೋನು ಹಿಡಿಯುತ್ತೇನೆ ಅಂತ ನಂಬಿದ್ದೆ. ಚೀಟಿ ಬೇರೆಯೇ ಹೇಳುತ್ತದೆ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲೇ ಹೆಚ್ಚಿನ ಕಾಳು ದಾಟಿವೆ: ಗಾಡಿಗೆ ಸ್ಟ್ಯಾಂಡ್ ಹಾಕಿದ ಕೂಡಲೆ, ನಳದ ಕೆಳಗೆ ಕೊಡ ಇಟ್ಟು ನಿಂತಾಗ, ಕುಕ್ಕರಿನ ಎರಡನೇ ಸೀಟಿಗೂ ಮೂರನೆಯದಕ್ಕೂ ನಡುವೆ. ಸೂಪರ್ ಮಾರ್ಕೆಟ್ ಅನ್ನೋ ನಮ್ಮೂರ ಪೇಟೆಯಲ್ಲಿ ಆಟೋ ತುಂಬುವ ತನಕ ಕೂತಾಗ ಆರು ಕಾಳು. ಅದರಲ್ಲಿ ನಾಲ್ಕು ಸಲ ಬರೀ ಟೈಮ್ ನೋಡಿದ್ದು. ಆದರೂ ಪಕ್ಕದವರು ಟೈಮ್ ಕೇಳಿದರೆ ಮತ್ತೆ ಫೋನು ತೆಗೆದೆ! ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಪದೇ ಪದೇ ಮಾಡಿದ ಚಲನೆಗಳನ್ನು ಒಂದು ಗಂಟಾಗಿ ಕಟ್ಟಿಡಲು ನೆರವಾಗುತ್ತದೆ. ಸುಳಿವು ಸಿಕ್ಕರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ನನಗೆ ಕುಕ್ಕರಿನ ಸೀಟಿಯೇ ಸುಳಿವು.

16ನೇ ದಿನ. ಸೇಡಂನಲ್ಲಿ ಮದುವೆ, ಅಂಗಿ ಬೇರೆ, ಕಾಳು ಮನೆಯಲ್ಲೇ ಉಳಿದವು. ಹೋಗಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ರೂಢಿ ಬೆಳೆಯುವ ಬಗ್ಗೆ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥದ್ದೇನೂ ಕೆಟ್ಟಿರಲಿಲ್ಲ. 21 ದಿನದಲ್ಲಿ ರೂಢಿಯಾಗುತ್ತದೆ ಅನ್ನುವ ಮಾತೂ ಅಲ್ಲಿ ನಿಲ್ಲಲಿಲ್ಲ: ಸುಮಾರು 66 ದಿನ, ಕೆಲವರಿಗೆ 18, ಕೆಲವರಿಗೆ 254ರ ಅಂದಾಜು. ನಾನು 254ರ ಪೈಕಿ ಇರಬೇಕು.

27ನೇ ದಿನ. ಅಡುಗೆಮನೆಗೆ ಹೋಗುವಾಗ ಫೋನನ್ನು ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದೇನೆ. 38.

41ನೇ ದಿನ. 22! ಅವ್ವನ ಮುಂದೆ ಬಲಗಿಸೆ ಸುರಿದು ತೋರಿಸಿದೆ.

"ಅದು ಖರೆ ಅದ. ಆದ್ರ ನಿನ್ನ ಕೈ ಎಲ್ಲಿ ಸುಮ್ನ ಕುಂತಾವೋ? ಸೀಟಿ ಹೊಡೀತಂದ್ರ ಸಾಕು, ಕಿಸೆದಾಗಿನ ಕಾಳು ಬಾಯಿಗೆ ಹೋಗ್ಲಿಕತ್ತಾವ."

ಎಡಗಿಸೆ ಎಣಿಸಿದೆ. 78 ಇರಬೇಕಿತ್ತು. ಇದ್ದದ್ದು 53.