ಎರಡು ಶವರ್, ಒಂದು ಬಕೆಟ್, ಮೂರು ಭಾನುವಾರ

ಮೊದಲ ಭಾನುವಾರ

ನಮ್ಮದು ಕಲಬುರಗಿಯ ಆಳಂದ ರಸ್ತೆ ಕಡೆ ಎರಡಂತಸ್ತಿನ ಮನೆ. ಕೆಳಗೆ ಅವ್ವ, ಮೇಲೆ ನಾವು. ಮಾಳಿಗೆಯ ಮೇಲೆ 1,000 ಲೀಟರಿನ ಕರಿ ಟಾಕಿ. ಎರಡೂ ಬಚ್ಚಲಮನೆಯ ಶವರ್‌ಗಳು ಕೆಲವು ತಿಂಗಳಿಂದ ಸೊರಗುತ್ತಾ ಬಂದಿದ್ದವು. ಮಗಳು ತಲೆಗೆ ಶಾಂಪೂ ಹಚ್ಚಿಕೊಂಡರೆ ನೊರೆ ಇಳಿಯುವಷ್ಟರಲ್ಲಿ ಶಾಲೆಯ ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು. ಅವ್ವನದು ಮಾತ್ರ ಒಂದೇ ಮಾತು: "ಚರಗಿ ತೊಗೊಂಡು ಜಳಕಾ ಮಾಡ್ರಿ. ಇಷ್ಟಕ್ಕ ಯಾಕ ಇಷ್ಟೊಂದು ಗದ್ಲ?"

ಅಂಗಡಿಯಲ್ಲಿ ಕೇಳಿದೆ. "ಪ್ರೆಶರ್ ಪಂಪ್ ಕೂಡಿಸ್ರಿ ಸರ, ಕೆಲಸ ಮುಗೀತು" ಅಂದರು. ಕೆಳಗಿನ ಮನೆಯ ಪೈಪು ಹಳೆಯ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ್ದು. ಅದರ ಮೇಲೆ ಪಂಪಿನ ಒತ್ತಡ ಹಾಕಿದರೆ ಗೋಡೆಯೊಳಗೆ ಎಲ್ಲಿ ಸೋರುತ್ತದೋ ಹೇಳಲಾಗದು. ಮೊದಲು ರೋಗ ಎಲ್ಲಿದೆ ನೋಡೋಣ ಅನಿಸಿತು.

15 ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ಹಿಡಿದೆ. ಮೇಲಿನ ಶವರ್‌ಗೆ ಬಕೆಟ್ ತುಂಬಲು 5 ನಿಮಿಷ 40 ಸೆಕೆಂಡ್. ಕೆಳಗಿನದಕ್ಕೆ 3 ನಿಮಿಷ 45 ಸೆಕೆಂಡ್. ಅಡುಗೆಮನೆ ನಳಕ್ಕೆ ಬರೀ 1 ನಿಮಿಷ 15 ಸೆಕೆಂಡ್.

ಆಮೇಲೆ ಟೇಪು ಹಿಡಿದು ಎತ್ತರ ಅಳೆದೆ. ಟಾಕಿ ಭರ್ತಿ ಇದ್ದಾಗ ನೀರಿನ ಮಟ್ಟಕ್ಕೂ ಮೇಲಿನ ಶವರ್‌ಗೂ ನಡುವೆ 8 ಅಡಿ, ಕೆಳಗಿನ ಶವರ್‌ಗೆ ಹದಿನೆಂಟೂವರೆ ಅಡಿ. ಸುಮಾರು 33 ಅಡಿ ನೀರು ನಿಂತರೆ ಒಂದು ಬಾರ್ ಒತ್ತಡ (ಬಾರ್ ಅಂದರೆ ಒತ್ತಡದ ಅಳತೆ). ನಮ್ಮ ಮೇಲಿನ ಬಚ್ಚಲಿಗೆ ಅದರ ಕಾಲು ಭಾಗವೂ ಪೂರ್ತಿ ಸಿಗುವುದಿಲ್ಲ. ಟಾಕಿ ತಳ ಹಿಡಿದರೆ ಇನ್ನೂ ಮೂರು ಅಡಿ ಖೋತಾ!

ಇಲ್ಲೊಂದು ಲೆಕ್ಕ ಹಿಡಿಸಿತು. ಎತ್ತರ ಇಮ್ಮಡಿ ಆದರೆ ನೀರು ಇಮ್ಮಡಿ ಬರುವುದಿಲ್ಲ, ಹೆಚ್ಚುಕಡಿಮೆ 1.4 ಪಟ್ಟು ಬರುತ್ತದೆ. 8 ಅಡಿಗೂ ಹದಿನೆಂಟೂವರೆ ಅಡಿಗೂ ಈ ಲೆಕ್ಕ ಹಾಕಿದರೆ ಒಂದೂವರೆ ಪಟ್ಟು. ನನ್ನ ಬಕೆಟ್ ಹೇಳಿದ್ದೂ ಒಂದೂವರೆ ಪಟ್ಟೇ. ಅಂದರೆ ಎರಡೂ ಶವರ್‌ಗೆ ಅಂಟಿದ್ದು ಒಂದೇ ಥರದ ಜಡ್ಡು. ಅಡುಗೆಮನೆಗೆ ಟಾಕಿಯಿಂದ ಬೇರೆಯೇ ಲೈನ್ ಇದೆ, ಅದು ಆರಾಮಾಗಿದೆ. ಹಾಗಾದರೆ ಬಚ್ಚಲಿನ ಲೈನಿನಲ್ಲಿ, ಟಾಕಿಯ ಹತ್ತಿರವೇ ಏನೋ ಆಗಿರಬೇಕು, ಅಲ್ವಾ?

ಗೊತ್ತಾದರೂ ಮಾಳಿಗೆ ಹತ್ತಲಿಲ್ಲ. ಏಪ್ರಿಲ್ ಮಧ್ಯಾಹ್ನ, ಕಲಬುರಗಿ ಬಿಸಿಲು. ತಣ್ಣೀರಿನ ನಳದಲ್ಲೂ ಬಿಸಿನೀರು ಬರುವ ಹೊತ್ತು. ನೆರಳಿನಲ್ಲಿ ಕೂತು ಮಾಡುವ ಕೆಲಸವನ್ನೇ ಮೊದಲು ಹಿಡಿದೆ.

ಶವರ್‌ನ ತಲೆಗೆ ಬಟ್ಟೆ ಸುತ್ತಿ ಪಾನಾದಿಂದ ಬಿಚ್ಚಿದೆ. ಬಟ್ಟೆ ಇಲ್ಲದಿದ್ದರೆ ಹೊಳಪಿನ ಮೇಲೆ ಗೀರು ಬೀಳುತ್ತದೆ. ಒಳಗಿನ ಜಾಲರಿಯಲ್ಲಿ ಮರಳು, ತೂತುಗಳಲ್ಲಿ ಬಿಳಿ ಗಟ್ಟಿ ಪದರ. ನಳದ ನೀರು ಬಾರದ ದಿನ ನಾವು ಟಾಕಿಗೆ ಬೋರ್ ನೀರು ಏರಿಸುತ್ತೇವೆ, ಅದರ ಫಲ ಇದು. ಎರಡೂ ತಲೆಗಳನ್ನು ಬೋಗುಣಿಯಲ್ಲಿ ವಿನೆಗರ್ ಸುರಿದು ನೆನೆ ಹಾಕಿದೆ. ಬೋಗುಣಿ ಇಟ್ಟಿದ್ದು ಬಚ್ಚಲ ನೆಲದ ಮೇಲೆ. ನೆಲ ಶಹಾಬಾದ್ ಕಲ್ಲಿನದು.

ಕಾಲು ತಗುಲಿ ಬೋಗುಣಿ ಮಗುಚಿತು. ಕಲ್ಲಿನ ಮೇಲೆ ಸಣ್ಣ ಗುಳ್ಳೆ ಎದ್ದವು. ಒರೆಸಿದ ಮೇಲೆ ನೋಡಿದರೆ ಅಂಗೈ ಅಗಲದ ಮಂಕು ಕಲೆ. ಆಗ ಹೊಳೆಯಿತು. ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲೆಂದರೆ ಸುಣ್ಣದ ಕಲ್ಲು. ಶವರ್ ತೂತಿನಲ್ಲಿ ಕೂತಿದ್ದೂ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ವಿನೆಗರ್‌ಗೆ ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ಗೊತ್ತಾಗಬೇಕು? ಕಲೆ ಈಗಲೂ ಇದೆ. ಅವ್ವ ಬಂದವರಿಗೆಲ್ಲ ತೋರಿಸುತ್ತಾಳೆ.

ಎರಡು ತಾಸು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಕೂಡಿಸಿದೆ. ಮೇಲಿನ ಶವರ್ 4 ನಿಮಿಷ 10 ಸೆಕೆಂಡಿಗೆ ಬಂತು. ಸುಧಾರಣೆ ಹೌದು, ಆದರೆ ಸಾಲದು.

ಎರಡನೇ ಭಾನುವಾರ

ಬೆಳಿಗ್ಗೆ ಆರಕ್ಕೇ ಮಾಳಿಗೆ ಹತ್ತಿದೆ. ಬಚ್ಚಲಿನ ಲೈನಿಗೆ ಟಾಕಿಯ ಬುಡದಲ್ಲಿ ಒಂದಿಂಚಿನ ಗೇಟ್ ವಾಲ್ವ್, ಚಕ್ರ ತಿರುಗಿಸಿದರೆ ಒಳಗಿನ ಬಾಗಿಲು ಏಳುವ, ಇಳಿಯುವ ಥರದ್ದು. ಪೂರ್ತಿ ತೆರೆಯೋಣ ಅಂತ ಚಕ್ರ ತಿರುಗಿಸಿದೆ. ತಿರುಗಿತು, ತಿರುಗಿತು, ಎಲ್ಲೂ ನಿಲ್ಲಲಿಲ್ಲ. ಬಲಕ್ಕೆ ತಿರುಗಿಸಿದರೂ ಅಷ್ಟೇ. ಕೆಳಗಿನಿಂದ ಮಗಳು ಕೂಗಿ ಹೇಳಿದಳು, ನೀರಿನಲ್ಲಿ ಏನೂ ಬದಲಾವಣೆ ಇಲ್ಲ ಅಂತ.

ಇದು ನನ್ನ ಕೈಯಲ್ಲಾಗುವ ಕೆಲಸ ಅಲ್ಲ. ಪರಿಚಯದ ಪ್ಲಂಬರ್‌ನನ್ನು ಕರೆಸಿದೆ. ಟಾಕಿ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಬೆಳಕಿಗೆ ಹಿಡಿದು ನಕ್ಕ. "ಸರ, ಇದರ ಜೀಂವಾ ಹೋಗಿ ಭಾಳ ದಿನ ಆಗ್ಯಾದ್ರಿ." ಒಳಗಿನ ಹಿತ್ತಾಳೆ ಬಾಗಿಲು ದಂಡಿಯಿಂದ ಕಳಚಿ ಅರ್ಧಕ್ಕೆ ಇಳಿದು ಕೂತಿತ್ತು. ಚಕ್ರ ತಿರುಗಿದರೂ ಬಾಗಿಲು ಏಳುತ್ತಿರಲಿಲ್ಲ.

ಅದರ ಜಾಗದಲ್ಲಿ ಬಾಲ್ ವಾಲ್ವ್ ಹಾಕಿಸಿದೆ. ಹಿಡಿಕೆ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ದೂರದಿಂದಲೇ ಕಾಣುತ್ತದೆ. ಕೊಳ್ಳುವಾಗ ಒಳಗೆ ಬೆರಳು ಹಾಕಿ ನೋಡಬೇಕು. ಅಗ್ಗದ ಕೆಲವು ವಾಲ್ವ್‌ಗಳು ಹೊರಗೆ ಒಂದಿಂಚು, ಒಳಗಿನ ತೂತು ಮಾತ್ರ ಸಣ್ಣದು.

ಟಾಕಿ ತುಂಬಿಸಿ ಅಳೆದೆ. ಮೇಲಿನ ಶವರ್ 2 ನಿಮಿಷ 20 ಸೆಕೆಂಡ್, ಕೆಳಗಿನದು 1 ನಿಮಿಷ 35 ಸೆಕೆಂಡ್. ಖುಷಿಯಾಗಿ, ಬಿಸಿನೀರು ತಣ್ಣೀರು ಬೆರೆಸುವ ಶವರ್ ಮಿಕ್ಸರನ್ನು ಬಿಸಿನೀರಿನ ಕಡೆ ತಿರುಗಿಸಿದೆ. ಗುಳುಗುಳು ಎಂದು ಎರಡು ಹನಿ ಉದುರಿಸಿ ನಿಂತಿತು.

ಮೂರನೇ ಭಾನುವಾರ

ಮಾಳಿಗೆಯ ಸೋಲಾರ್‌ನಿಂದ ಇಳಿಯುವ ಬಿಸಿನೀರಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಟಾಕಿ ಖಾಲಿ ಮಾಡಿದಾಗಲೇ ಹೊಕ್ಕಿದ್ದು. ಇಷ್ಟು ಕಡಿಮೆ ಒತ್ತಡದಲ್ಲಿ ನೀರಿಗೆ ಆ ಗಾಳಿಯನ್ನು ತಳ್ಳುವ ಬಲ ಇರುವುದಿಲ್ಲ. ವಾರವಿಡೀ ಒಲೆಯ ಮೇಲೆ ನೀರು ಕಾಯಿಸಿಕೊಂಡೆವು.

ಬೋರ್ ಮೋಟರಿನ ಬದಿಯ ನಳಕ್ಕೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೆಳಗಿನ ಬಚ್ಚಲಿನ ಬಿಸಿನೀರಿನ ನಳಕ್ಕೆ ಬಿಗಿದು ಮೋಟರ್ ಹಚ್ಚಿದೆ. ನೀರು ಕೆಳಗಿನಿಂದ ಮೇಲಕ್ಕೆ ಹೋಗಿ ಗಾಳಿಯನ್ನು ಸೋಲಾರ್‌ನ ಗಾಳಿ ಕೊಳವೆಯಿಂದ ಹೊರಗೆ ನೂಕಿತು. ಅರ್ಧ ನಿಮಿಷವೂ ಆಗಲಿಲ್ಲ. ಆ ಕೊಳವೆ ಮುಚ್ಚಿದ್ದರೆ ಇದನ್ನು ಮಾಡಲೇಬಾರದು, ಸೋಲಾರ್ ಟಾಕಿ ಒಡೆದೀತು.

ಈಗ ಬಿಸಿನೀರೂ ಸರಿಯಾಗಿದೆ. ಪಂಪಿನ ದುಡ್ಡು ಜೇಬಿನಲ್ಲೇ ಇದೆ. ಉಳಿದಿದ್ದು ಟಾಕಿಯ ಕಟ್ಟೆ. ನಾಲ್ಕು ಅಡಿ ಎತ್ತರಿಸಿದರೆ ಮೇಲಿನ ಶವರ್‌ಗೆ ಐದನೇ ಒಂದು ಭಾಗದಷ್ಟು ನೀರು ಜಾಸ್ತಿ ಬರಬೇಕು ಅಂತ ನನ್ನ ಲೆಕ್ಕ. ಆದರೆ ತುಂಬಿದ ಟಾಕಿಯಲ್ಲಿ ನೀರಿನ ತೂಕವೇ ಒಂದು ಟನ್. ಕೆಳಗೆ ತೊಲೆ ಎಲ್ಲಿ ಹಾದಿದೆ ಅಂತ ಮೇಸ್ತ್ರಿಗೆ ಒಮ್ಮೆ ತೋರಿಸಬೇಕು. ಮಳೆಗಾಲ ಕಳೆದ ಮೇಲೆ ನೋಡಬೇಕು.